ಕಳ್ಳಸಾಗಣೆ ಮಾಡುವ ಹೀರೋನನ್ನು ಫಿಲ್ಮ್ ಕ್ಲಬ್‌ನಲ್ಲಿ ಹೇಗೆ ಸಮರ್ಥಿಸಿಕೊಳ್ಳಲಿ?

ನೀವು ತೋರಿಸಲು ಹೊರಟಿರುವ ಹಾಲಿವುಡ್ ಚಿತ್ರ 'ರೋಪ್ ಆಫ್ ಸ್ಯಾಂಡ್' (1949) ನಾನೂ ನಮ್ಮ ಕ್ಲಬ್‌ನಲ್ಲಿ ತೋರಿಸಿದ್ದೇನೆ. ನೈಋತ್ಯ ಆಫ್ರಿಕಾದ (ಈಗಿನ ನಮೀಬಿಯಾ) ನಿಷೇಧಿತ ಮರಳುಗಾಡಿನಿಂದ ವಜ್ರ ಹೊತ್ತು ತರಲು ಹೊರಟ ಬರ್ಟ್ ಲ್ಯಾಂಕಾಸ್ಟರ್ ಪಾತ್ರವನ್ನು ಜನ ಒಪ್ಪುತ್ತಾರಾ ಎಂಬ ಚಿಂತೆ ನನಗೂ ಇತ್ತು.

ಎಡವಿದ್ದು ಬೇರೆ ಕಡೆ. ಪರಿಚಯದ ಮಾತಿನಲ್ಲಿ ಕ್ಲಾಡ್ ರೇನ್ಸ್, ಪಾಲ್ ಹೆನ್ರೀಡ್, ಪೀಟರ್ ಲೊರ್ರೆ ಮೂವರೂ 1942ರ ಪ್ರಸಿದ್ಧ ಚಿತ್ರ 'ಕಾಸಾಬ್ಲಾಂಕಾ'ದಲ್ಲಿ ನಟಿಸಿದವರು ಅಂತ ಹೇಳುತ್ತಾ ಹೋದೆ. ಆಮೇಲೆ ಪರದೆ ತೋರಿಸಿ, ಆಫ್ರಿಕಾದ ಮರಳು ಹೇಗಿದೆ ನೋಡಿ ಅಂದುಬಿಟ್ಟೆ. ಆ ಮರಳು ಅಮೆರಿಕದ್ದು, ಅರಿಜೋನಾದ ಯೂಮಾ ಹತ್ತಿರದ್ದು. ಮೊದಲೇ ವಿಚಾರಿಸಿಕೊಂಡಿರಲಿಲ್ಲ. ಊರಿನ ಹೆಸರು ತಪ್ಪಿದ್ದು ದೊಡ್ಡದಲ್ಲ. ಮರಳನ್ನೇ ಆಫ್ರಿಕಾ ಅಂದಮೇಲೆ ಅಲ್ಲಿ ಜನ ಇದ್ದರು ಅನ್ನುವುದೇ ನನ್ನ ಮಾತಿನಿಂದ ಬಿಟ್ಟುಹೋಯಿತು. ಖಾಲಿ ಜಾಗ, ಅದರಲ್ಲಿ ವಜ್ರ, ಅದಕ್ಕಾಗಿ ಹೊಡೆದಾಡುವ ನಾಲ್ಕೈದು ಬಿಳಿಯರು. ಸಿನಿಮಾ ಹೇಳುವುದೂ ಇಷ್ಟನ್ನೇ, ಅದಕ್ಕೆ ನಾನು ಮುದ್ರೆ ಒತ್ತಿದೆ. ಚರ್ಚೆ ಪೂರ್ತಿ ಸಿನಿಮಾದ ವಜ್ರದ ಕಂಪನಿ ಸರಿಯೋ ಹೀರೋ ಸರಿಯೋ ಎಂಬಲ್ಲೇ ಸುತ್ತಿತು. ಆಫ್ರಿಕಾ ಕುರಿತ ಚಿತ್ರಗಳ ಸರಣಿ ನಡೆಸುವ ಆಸೆ ನನಗಿತ್ತು. ಯಾರಿಗೂ ಮುಂದಿನದು ಬೇಕಾಗಲಿಲ್ಲ, ಅಲ್ಲಿಗೇ ನಿಂತಿತು.

ನಿಜವಾಗಿ ನಡೆದದ್ದು ಕೇಳಿ. ಆ ನಾಡು ಆಗ ಜರ್ಮನರ ವಸಾಹತು. 1908ರಲ್ಲಿ ಅಲ್ಲಿನ ಕರಾವಳಿ ಊರು ಲ್ಯೂಡರಿಟ್ಸ್ ಬಳಿ ರೈಲು ಹಳಿಯ ಮರಳು ತೆಗೆಯುತ್ತಿದ್ದ ಜಕರಾಯಸ್ ಲೆವಾಲ ಎಂಬ ಕೂಲಿಯಾಳಿಗೆ ಒಂದು ಕಲ್ಲು ಸಿಕ್ಕಿತು. ಹಿಂದೆ ದಕ್ಷಿಣ ಆಫ್ರಿಕಾದ ವಜ್ರದ ಗಣಿಗಳ ಊರು ಕಿಂಬರ್ಲಿಯಲ್ಲಿ ದುಡಿದವನು, ವಜ್ರ ಅಂತ ಕೂಡಲೇ ಗುರುತು ಹಿಡಿದ. ಮೇಲ್ವಿಚಾರಕ ಆಗಸ್ಟ್ ಸ್ಟೌಖ್ ಕೈಗೆ ಕೊಟ್ಟ. ಸ್ಟೌಖ್ ಭಾರಿ ಶ್ರೀಮಂತನಾದ, ಲೆವಾಲನಿಗೆ ಏನೂ ದಕ್ಕಲಿಲ್ಲ. ಅದಕ್ಕೂ ಮೊದಲು ಆ ರೈಲು ದಾರಿ ಹಾಕಲು ಜರ್ಮನರು ದುಡಿಸಿಕೊಂಡದ್ದು ಅಲ್ಲಿನದೇ ಜನರಾದ ಹೆರೇರೊ, ನಾಮಾ ಕೈದಿಗಳನ್ನು. ಲ್ಯೂಡರಿಟ್ಸ್ ಪಕ್ಕದ ಶಾರ್ಕ್ ದ್ವೀಪದ ಶಿಬಿರದಲ್ಲಿ ಅವರು ಹಸಿವು, ಕಾಯಿಲೆಯಿಂದ ಸತ್ತರು, ಸಾವಿರ ಲೆಕ್ಕದಲ್ಲಿ. ವಜ್ರ ಸಿಕ್ಕ ವರ್ಷವೇ ಜರ್ಮನ್ ಆಡಳಿತ ಆ ಇಡೀ ಪ್ರದೇಶವನ್ನು ನಿಷೇಧಿತ ಅಂತ ಘೋಷಿಸಿತು. ಸಿನಿಮಾದ ಹೀರೋ ನುಗ್ಗುವುದು ಇಂಥ ಬೇಲಿಯೊಳಗೆ.

ಹಾಗಾಗಿ ಹೀರೋನನ್ನು ಸಮರ್ಥಿಸುವ ಪ್ರಶ್ನೆಯನ್ನೇ ಬಿಟ್ಟುಬಿಡಿ. ಮೊದಲೇ ಕಿತ್ತುಕೊಂಡವರ ಹತ್ತಿರ ಅವನು ಕದಿಯುತ್ತಾನೆ, ಅಷ್ಟೇ. ಕೇಳಬೇಕಾದ್ದು ವಜ್ರ ಯಾರದು ಅಂತ, ಅಲ್ವಾ? ಲೆವಾಲನ ಕತೆಯನ್ನು ಸಿನಿಮಾ ಶುರುವಾಗುವ ಮೊದಲೇ ಹೇಳಿ. ಆಮೇಲೆ ಹೇಳಿದರೆ ಎಲ್ಲರೂ ಎದ್ದು ಹೊರಡುವ ಹೊತ್ತು. 'ಕಾಸಾಬ್ಲಾಂಕಾ' ನಂಟಿಗೆ ಒಂದು ಸಾಲು ಸಾಕು. ಸಿನಿಮಾ ಮಾತ್ರ ಖಂಡಿತ ತೋರಿಸಿ, ಹೆನ್ರೀಡ್ ಮಾಡಿದ ಕ್ರೂರ ಪೊಲೀಸ್ ಅಧಿಕಾರಿಗಾಗಿಯಾದರೂ ಅದನ್ನು ನೋಡಲೇಬೇಕು.