ನಾನು ವಕೀಲರ ಆಫೀಸಿನಲ್ಲಿ ಪ್ಯಾರಾಲೀಗಲ್ (ವಕೀಲರ ಸಹಾಯಕ). ಕಕ್ಷಿದಾರರಿಗೆ ಪತ್ರ ಬರೆಯಲು ಕಾನೂನು ಕನ್ನಡ ಎಲ್ಲಿ ಕಲಿಯಬೇಕು? ಮಾದರಿ ಪತ್ರಗಳು ಸಿಗುತ್ತವೆಯೇ?

ಮಾದರಿ ಪತ್ರಗಳನ್ನು ನಾನೂ ಹುಡುಕಿದ್ದೆ. ತಿಪಟೂರಿನಲ್ಲಿ ಒಬ್ಬ ವಕೀಲರ ಹತ್ತಿರ ಕೆಲಸಕ್ಕೆ ಸೇರಿದಾಗ ನನಗೆ 23 ವರ್ಷ. ಪ್ಯಾರಾಲೀಗಲ್ ಅಂತ ಯಾರೂ ಕರೆಯುತ್ತಿರಲಿಲ್ಲ, ಕ್ಲರ್ಕ್ ಅಷ್ಟೇ. ಕೆಲಸ ಮಾತ್ರ ನಿಮ್ಮದೇ. ಡೈರಿ ಬರೆಯುವುದು, ಕಾಪಿಗೆ ಅರ್ಜಿ ಹಾಕುವುದು, ಕಕ್ಷಿದಾರರಿಗೆ ವಾಯಿದೆ, ಅಂದರೆ ಕೇಸಿನ ಮುಂದಿನ ದಿನ, ತಿಳಿಸಿ ಪತ್ರ ಹಾಕುವುದು. ಹಳೇ ಫೈಲುಗಳನ್ನು ಓದಿ ಓದಿ ಆರು ತಿಂಗಳಲ್ಲಿ "ಸದರಿ", "ಮೇಲ್ಕಂಡ", "ತಕ್ಕದ್ದು" ಎಲ್ಲ ಕೈಗೆ ಹತ್ತಿದವು. ನಮ್ಮ ವಕೀಲರು ಓದಿ ತಿದ್ದದೆ ಸಹಿ ಹಾಕಿದ ದಿನ ನನಗೆ ಹಿಗ್ಗೋ ಹಿಗ್ಗು.

ಆಗ ನಮ್ಮಲ್ಲಿ ಒಬ್ಬ ಯಜಮಾನರ ಕೇಸಿತ್ತು. 70 ದಾಟಿದ್ದರು. ಬದುವಿನ ಮೇಲೆ ಅವರ ಅಪ್ಪ ನೆಟ್ಟ 14 ತೆಂಗಿನ ಮರ. ಪಕ್ಕದ ಜಮೀನಿನವರು ಆ ಸಾಲು ನಮ್ಮದು ಅಂತ ತಕರಾರು ತೆಗೆದರು. ಇವರು ಸಿವಿಲ್ ಜಡ್ಜ್ ಕೋರ್ಟಿನಲ್ಲಿ ಇಂಜಂಕ್ಷನ್ (ತಡೆಯಾಜ್ಞೆ) ಕೇಳಿ ದಾವೆ ಹಾಕಿದ್ದರು. ಮಧ್ಯಂತರ ತಡೆ ಸಿಕ್ಕಿತ್ತು, ಐದು ವರ್ಷ ಕೇಸು ನಡೆಯಿತು, ಕೊನೆಗೆ ದಾವೆ ವಜಾ ಆಯಿತು. ಅಂದರೆ ಸೋತರು. ಅವತ್ತು ಯಜಮಾನರು ಕೋರ್ಟಿಗೆ ಬಂದಿರಲಿಲ್ಲ. ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಬರೆದದ್ದು ಇದು: "ಮೇಲ್ಕಂಡ ಅಸಲು ದಾವೆಯು ಘನ ನ್ಯಾಯಾಲಯದಲ್ಲಿ ವಜಾಗೊಂಡಿರುತ್ತದೆ. ಸದರಿ ತೀರ್ಪಿನ ವಿರುದ್ಧ 30 ದಿನಗಳ ಕಾಲಮಿತಿಯೊಳಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದ್ದು, ಈ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು."

ಓದಿ ನೋಡಿ. ಒಂದು ಅಕ್ಷರವೂ ತಪ್ಪಿಲ್ಲ. ಕಾನೂನೂ ಸರಿಯೇ ಇದೆ.

ಯಜಮಾನರು ನಾಲ್ಕು ತಿಂಗಳು ಬಿಟ್ಟು ಬಂದರು. ಪಕ್ಕದವರು ಬೇಲಿ ಹಾಕಿ ಕಾಯಿ ಕೀಳುತ್ತಿದ್ದಾರೆ, ಕೇಳಿದರೆ ಕೇಸು ನಾವೇ ಗೆದ್ದಿದ್ದು ಅಂತಾರೆ ಅಂದರು. ಪತ್ರ ಬಂತಲ್ಲ ಯಜಮಾನ್ರೇ ಅಂದೆ. ಬಂತು ಸ್ವಾಮಿ, ವಜಾ ಆಯ್ತು ಅಂತ ನೀವೇ ಬರೆದಿದ್ರಲ್ಲ, ಅವರ ತಕರಾರು ವಜಾ ಆಯ್ತು ಅಂದ್ಕೊಂಡೆ ಅಂದರು. ಅವರು ಕೇಳಿ ಬೆಳೆದ ಮಾತು ಕಂದಾಯ ವಜಾ. ಮಳೆ ಹೋದ ವರ್ಷ ಸರ್ಕಾರ ಕಂದಾಯ ವಜಾ ಮಾಡಿದರೆ ರೈತನ ಹೊರೆ ಇಳಿಯಿತು ಅಂತ ಅರ್ಥ. ವಜಾ ಅಂದರೆ ಅವರಿಗೆ ಸಿಹಿ ಸುದ್ದಿ. ಊರಮ್ಮನಿಗೆ ಕಾಯಿ ಒಡೆಸಿ ಬಂದಿದ್ದರು. 30 ದಿನ ಅಪೀಲಿಗೆ ಅವಕಾಶ ಇದೆ ಅಂದರೆ, ಸೋತ ಅವರು ಬೇಕಾದರೆ ಹೋಗಲಿ ಅಂದುಕೊಂಡಿದ್ದರು.

ಈ ತಪ್ಪಿನ ಬಗ್ಗೆ ನಾನು ಎಷ್ಟು ಯೋಚಿಸಿದ್ದೇನೆ ಅಂದರೆ ಇವತ್ತಿಗೂ ಆ ಎರಡು ವಾಕ್ಯ ಬಾಯಿಪಾಠ. ಒಂದು ಪದ ಅವರಿಗೆ ಬೇರೆ ಅರ್ಥ ಕೊಟ್ಟಿತು, ಅಷ್ಟೇ ಅಂತ ಮೊದಮೊದಲು ಸಮಾಧಾನ ಮಾಡಿಕೊಂಡೆ. ಹಾಗಲ್ಲ ಅದು. ಯಾರು ಸೋತರು ಅಂತ ಆ ಪತ್ರದಲ್ಲಿ ಎಲ್ಲೂ ಇಲ್ಲ. ಅಪೀಲು ಯಾರು ಹಾಕಬೇಕು? ಇಲ್ಲ. ಯಾವ ತಾರೀಕಿನೊಳಗೆ ಬರಬೇಕು? ಅದೂ ಇಲ್ಲ, "30 ದಿನ" ಅಂತಿದೆ, ಯಾವತ್ತಿನಿಂದ ಎಣಿಸುವುದು ಅಂತ ಒಬ್ಬ ರೈತ ಹೇಗೆ ಹೇಳಬೇಕು? "ಕ್ರಮ ಕೈಗೊಳ್ಳತಕ್ಕದ್ದು" ಅಂದೆ, ಯಾರು ಕೈಗೊಳ್ಳಬೇಕು ಅಂತ ಬರೆಯಲಿಲ್ಲ. ಯಾಕೆ ಬರೆಯಲಿಲ್ಲ ಅಂದರೆ, ಐದು ವರ್ಷ ಆಫೀಸಿನ ಬೆಂಚಿನ ಮೇಲೆ ಕೂತು ನನ್ನ ಊಟ ತಿಂಡಿ ವಿಚಾರಿಸುತ್ತಿದ್ದ ಮನುಷ್ಯನಿಗೆ "ನೀವು ಸೋತಿದ್ದೀರಿ" ಅಂತ ಬರೆಯಲು ನನಗೆ ಕೈ ಬರಲಿಲ್ಲ. "ವಜಾಗೊಂಡಿರುತ್ತದೆ" ಅಂದರೆ ಯಾರಿಗೂ ನೋವಾಗುವುದಿಲ್ಲ ಅಲ್ವಾ? ಕೋರ್ಟ್ ಕನ್ನಡ ನನಗೆ ಬಚ್ಚಿಟ್ಟುಕೊಳ್ಳುವ ಜಾಗವಾಗಿತ್ತು.

ಆಮೇಲೆ ಕಾಲಮಿತಿ ಹೇಳುವ ಲಿಮಿಟೇಷನ್ ಕಾಯ್ದೆಯ 5ನೇ ಸೆಕ್ಷನ್ ಕೆಳಗೆ, ತಡವಾದದ್ದನ್ನು ಮನ್ನಿಸಿ ಅಂತ ಅರ್ಜಿ ಹಾಕಿ ಸೀನಿಯರ್ ಸಿವಿಲ್ ಜಡ್ಜ್ ಕೋರ್ಟಿಗೆ ಅಪೀಲು ಹೋದೆವು. ಕಾರಣ ಏನು ಅಂತ ತೋರಿಸಲು ನನ್ನ ಪತ್ರವನ್ನೇ ಹಾಜರು ಮಾಡಬೇಕಾಯಿತು. ಎದುರು ವಕೀಲರು ಅದನ್ನು ಗಟ್ಟಿಯಾಗಿ ಓದಿ, ಇದರಲ್ಲಿ ಅರ್ಥವಾಗದ್ದು ಏನಿದೆ ಅಂತ ಕೇಳಿದರು. ನಾನು ಹಿಂದೆ ಫೈಲು ಹಿಡಿದು ನಿಂತಿದ್ದೆ. ತಡ ಮನ್ನಾ ಆಗಲು ಎಂಟು ತಿಂಗಳು ಹಿಡಿಯಿತು. ದಾವೆ ವಜಾ ಆದ ದಿನವೇ ಮಧ್ಯಂತರ ತಡೆಯೂ ಹೋಗಿತ್ತಲ್ಲ, ಅಷ್ಟೂ ದಿನ ಕಾಯಿ ಕಿತ್ತವರು ಪಕ್ಕದವರು.

ಹಾಗಾಗಿ ಕಾನೂನು ಕನ್ನಡ ಎಲ್ಲಿ ಕಲಿಯಬೇಕು ಅಂತ ನೀವು ಕೇಳಿದ್ದಕ್ಕೆ ನನ್ನ ಉತ್ತರ, ಪತ್ರಕ್ಕಾಗಿ ಕಲಿಯಲೇಬೇಡಿ. ವಾದಪತ್ರ, ಅಫಿಡವಿಟ್ ಟೈಪ್ ಮಾಡಲು ಬೇಕು, ಅದು ಫೈಲು ಓದುತ್ತಾ ತಾನಾಗೇ ಬರುತ್ತದೆ. ಮಾದರಿ ಪತ್ರವೂ ಬೇಡ. ಮಾದರಿ ಎದುರಿಗಿದ್ದರೆ ಕಕ್ಷಿದಾರರ ಮುಖ ಮರೆತುಹೋಗುತ್ತದೆ. ಆ ಯಜಮಾನರಿಗೆ ಇವತ್ತು ಬರೆಯುವುದಾದರೆ ಹೀಗೆ ಶುರು ಮಾಡುತ್ತೇನೆ:

"ಯಜಮಾನರೇ, ತೆಂಗಿನ ಸಾಲಿನ ಕೇಸಿನಲ್ಲಿ ನಾವು ಸೋತಿದ್ದೇವೆ. ಪಕ್ಕದವರ ಮೇಲಿದ್ದ ತಡೆ ಈಗ ಇಲ್ಲ. ನೀವು ಅಪೀಲು ಹಾಕಬಹುದು. ಹಾಕುವುದಾದರೆ ಮಾರ್ಚ್ 14ರ ಶುಕ್ರವಾರದೊಳಗೆ ಆಫೀಸಿಗೆ ಬಂದು ಸಹಿ ಮಾಡಬೇಕು. ನೀವು ಬರದೆ ನಾವು ಅಪೀಲು ಹಾಕಲು ಆಗುವುದಿಲ್ಲ."

ಇದರಲ್ಲಿ ಆ ತಾರೀಕು ಇದೆಯಲ್ಲ, ಅದನ್ನು ನೀವೇ ಲೆಕ್ಕ ಹಾಕಬೇಡಿ. ತೀರ್ಪಿನ ಕಾಪಿ ಪಡೆಯಲು ಹಿಡಿದ ದಿನಗಳನ್ನು ಅದೇ ಲಿಮಿಟೇಷನ್ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಬಿಟ್ಟು ಎಣಿಸಬೇಕು, ಹೈಕೋರ್ಟಿಗೆ ಹೋಗುವ ಅಪೀಲಾದರೆ 30 ಅಲ್ಲ, 90 ದಿನ. ವಕೀಲರನ್ನು ಕೇಳಿ, ಅವರು ಹೇಳಿದ ಕೊನೆಯ ದಿನಕ್ಕಿಂತ ಒಂದು ವಾರ ಮೊದಲಿನ ದಿನ ಬರೆಯಿರಿ. ಅಪೀಲು ಹೋದರೆ ಗೆಲ್ಲಬಹುದಾ ಅನ್ನುವುದನ್ನಂತೂ ನಾವು ಬರೆಯಲೇಬಾರದು, ಅದನ್ನು ಹೇಳಬೇಕಾದವರು ವಕೀಲರು. ಪತ್ರಕ್ಕೆ ಸಹಿಯೂ ಅವರದೇ ಇರಲಿ. ಆ ಕೇಸಿಗೇ ಕೊಟ್ಟಿರುವ 16 ಅಕ್ಷರದ ಗುರುತಾದ ಸಿಎನ್‌ಆರ್ ನಂಬರನ್ನು ಕೆಳಗೆ ಬರೆದರೆ ಮೊಮ್ಮಕ್ಕಳು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ವಾಯಿದೆ ನೋಡಿ ಹೇಳುತ್ತಾರೆ.

ಇನ್ನೊಂದು, ಪೋಸ್ಟ್ ಕಾರ್ಡಿನಲ್ಲಿ ಕೇಸಿನ ಸಂಗತಿ ಬರೆಯಬೇಡಿ. ಹಳಬರು ವಾಯಿದೆ ತಿಳಿಸಲು ಕಾರ್ಡೇ ಹಾಕುತ್ತಿದ್ದರು, ಅದು ಮನೆ ತಲುಪುವ ಮೊದಲೇ ಅರ್ಧ ಊರು ಓದಿರುತ್ತಿತ್ತು. ವಾಟ್ಸ್ಆ್ಯಪ್ ಕೂಡ ಅವರ ಸ್ವಂತ ನಂಬರಿಗೆ ಮಾತ್ರ. ಪಾಲಿನ ಕೇಸಿನಲ್ಲಿ ಅಣ್ಣ ತಮ್ಮಂದಿರು ಒಂದೇ ಮನೆಯಲ್ಲಿ ಇರುತ್ತಾರೆ, ಯಾರ ಫೋನು ಯಾರ ಕೈಯಲ್ಲೋ. ಗುಟ್ಟು ಕಾಪಾಡುವ ಹೊಣೆ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್ ಪ್ರಕಾರ ವಕೀಲರ ಗುಮಾಸ್ತರಿಗೂ ಇದೆ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ, ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ ರಸೀದಿಯನ್ನು ಫೈಲಿನಲ್ಲಿಡಿ.

ಪತ್ರ ತಲುಪಿದ ಮೇಲೆ ಫೋನ್ ಮಾಡಿ. "ಅರ್ಥ ಆಯ್ತಾ?" ಅಂತ ಕೇಳಬೇಡಿ, ಎಲ್ಲರೂ ಹೂಂ ಅಂತಾರೆ. "ಪತ್ರದಲ್ಲಿ ಏನು ಬರೆದಿದೆ, ನೀವು ಯಾವತ್ತು ಬರ್ತೀರಿ, ಹೇಳಿ ನೋಡೋಣ" ಅನ್ನಿ. ಆ ಯಜಮಾನರಿಗೆ ಅವತ್ತು ಹೀಗೊಂದು ಫೋನ್ ಮಾಡಿದ್ದರೆ, ಗೆದ್ದೆವಲ್ಲ ಸ್ವಾಮಿ ಅಂತ ಅವರೇ ಹೇಳಿಬಿಡುತ್ತಿದ್ದರು. ಇನ್ನೂ 20 ದಿನಕ್ಕಿಂತ ಜಾಸ್ತಿ ಸಮಯ ಇತ್ತು.