7 ತಿಂಗಳ ಮಗುವಿಗೆ ಭೇದಿ ಬಾರದ ಹಾಗೆ ದಿನಾ ಡ್ರಾಪ್ಸ್, ಝಿಂಕ್ ಕೊಡಬೇಕಾ?

ಮಗುವಿಗೆ ಈಗಾಗಲೇ ಎರಡು ಸಲ ಭೇದಿ ಆಗಿದೆ, ಮತ್ತೆ ಬಾರದ ಹಾಗೆ ಏನು ಮಾಡಲಿ ಅಂತ ಕೇಳಿದ್ದೀರಿ. ಎರಡು ಸಲವೂ ಮೊದಲು ವಾಂತಿ, ಆಮೇಲೆ ನೀರಿನಂಥ ಭೇದಿ ಅಂದರೆ ರೋಟಾವೈರಸ್‌ನಂಥ ಸೋಂಕೇ ಇರಬಹುದು; ಪರೀಕ್ಷೆ ಇಲ್ಲದೆ ಖಚಿತವಾಗಿ ಹೇಳೋಕಾಗಲ್ಲ. ಮೆಡಿಕಲ್ ಶಾಪಿನವರು ಹೇಳಿದ ಪ್ರೋಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ಇರುವ) ಡ್ರಾಪ್ಸ್ ಅದನ್ನು ತಡೆಯುತ್ತೆ ಅನ್ನೋಕೆ ಗಟ್ಟಿ ಆಧಾರ ಇಲ್ಲ, ಸುಮ್ನೆ ದುಡ್ಡು ದಂಡ.

ಮೊದಲು ತಾಯಿ ಕಾರ್ಡ್ ತೆಗೆದು ನೋಡಿ. 6, 10, 14ನೇ ವಾರದ ರೋಟಾ ಲಸಿಕೆ ಹಾಕಿಸಿದ್ದೀರಾ? ಬಿಟ್ಟುಹೋಗಿದ್ದರೆ ವರ್ಷ ತುಂಬೋ ಮೊದಲೇ ಆಶಾ ಕಾರ್ಯಕರ್ತೆಯನ್ನು ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಎದೆಹಾಲು ನಿಲ್ಲಿಸಬೇಡಿ. ಬೆಳಿಗ್ಗೆ ಮಾಡಿದ ರಾಗಿ ಸರಿ ಸಂಜೆಗೆ ಬೇಡ. ಬಾಟಲಿಗಿಂತ ಅಜ್ಜಿ ಕಾಲದ ಒಳಲೆಯೇ ವಾಸಿ, ನಿಪ್ಪಲ್ ಮೂಲೆಯಲ್ಲಿ ಹಾಲು ಅಂಟಿ ಉಳಿಯುತ್ತಲ್ವಾ.

ಝಿಂಕ್ ದಿನಾ ಬೇಡ. ಭೇದಿ ಶುರುವಾದರೆ ಮಾತ್ರ ಓಆರ್‌ಎಸ್ ಜೊತೆ ದಿನಕ್ಕೆ 20 ಮಿಲಿಗ್ರಾಂ, 14 ದಿನ. ನಡುವೆ ಭೇದಿ ನಿಂತರೂ ಪೂರ್ತಿ ಕೊಡಿ. ಕಣ್ಣು ಗುಳಿಬಿದ್ದರೆ, ಉಚ್ಚೆ ಕಡಿಮೆಯಾದರೆ, ತಕ್ಷಣ ಆಸ್ಪತ್ರೆಗೆ ಹೋಗಿ.