ಹೆದರಿಸಿದರೆ ಎಚ್ಚರ ಬರುತ್ತದೆಯೇ?

ಶಿವಮೊಗ್ಗದ ಓದುಗರೊಬ್ಬರ ಪತ್ರ: “2021ರಲ್ಲಿ ಅಮ್ಮನಿಗೆ ಸ್ತನ ಕ್ಯಾನ್ಸರಿಗೆ ಕೀಮೋ ನಡೆಯುತ್ತಿತ್ತು. ಕೊರೊನಾ ಬಂದ್ರೆ ನೀನು ಉಳಿಯಲ್ಲ ಅಂತ ನಾವೆಲ್ಲ ದಿನಾ ಹೇಳುತ್ತಿದ್ದೆವು. ಆದರೂ ಚಿಕ್ಕಮ್ಮನ ಮಗಳ ಸೀಮಂತಕ್ಕೆ ಹೋದರು. ಮಾಸ್ಕ್ ಗಲ್ಲದ ಕೆಳಗಿತ್ತು. ಅದೇ ಅಮ್ಮ ಮುಂದಿನ ಕೀಮೋಗೆ ಮಾತ್ರ ‘ಆಸ್ಪತ್ರೆಗೆ ಬರಲ್ಲ, ಅಲ್ಲಿ ಕೊರೊನಾ ಇರುತ್ತೆ’ ಅಂದರು. ಇದು ಹಟವೋ, ತಿಳಿವಳಿಕೆ ಇಲ್ಲದ್ದೋ? ಈಗ ಚೆನ್ನಾಗಿದ್ದಾರೆ. ಆದರೆ ಇನ್ನೊಮ್ಮೆ ಅಂಥ ಕಾಲ ಬಂದರೆ ಅವರಿಗೆ ಏನು ಹೇಳಬೇಕು?”

ಸಂಪಾದಕರ ಉತ್ತರ:

ಅಮ್ಮ ಚೆನ್ನಾಗಿದ್ದಾರೆ ಅಂತ ಓದಿ ತುಂಬಾ ಸಂತೋಷವಾಯಿತು. ಇನ್ನು ನಿಮ್ಮ ಪ್ರಶ್ನೆ. ಹಟವೂ ಅಲ್ಲ, ತಿಳಿವಳಿಕೆ ಇಲ್ಲದ್ದೂ ಅಲ್ಲ ಅನ್ನುವುದು ನನ್ನ ನಂಬಿಕೆ. ಸೀಮಂತಕ್ಕೆ ಹೋದದ್ದು, ಆಸ್ಪತ್ರೆಗೆ ಬರಲ್ಲ ಅಂದದ್ದು, ಎರಡೂ ಒಂದೇ ಮನಸ್ಸಿನಿಂದ ಬಂದಿರಬಹುದು. ಅವರಿಗೆ ಭಯ ಬೇಕಾದಷ್ಟಿತ್ತು. ಅದನ್ನು ಇಟ್ಟುಕೊಂಡು ಏನು ಮಾಡಬೇಕು ಅಂತ ಯಾರೂ ತೋರಿಸಿರಲಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ರೊನಾಲ್ಡ್ ರೋಜರ್ಸ್ 1975ರಲ್ಲಿ ಇದರ ಬಗ್ಗೆ ಒಂದು ಸಿದ್ಧಾಂತ ಮುಂದಿಟ್ಟರು, 1983ರಲ್ಲಿ ಅದನ್ನು ತಿದ್ದಿ ಬೆಳೆಸಿದರು. ಅಪಾಯ ಎದುರಾದಾಗ ಮನಸ್ಸು ಎರಡು ಲೆಕ್ಕ ಹಾಕುತ್ತದೆ. ಒಂದು ಅಪಾಯದ ಲೆಕ್ಕ: ಇದು ಎಷ್ಟು ಕೆಟ್ಟದ್ದು, ನನಗೂ ಬರಬಹುದಾ? ಇನ್ನೊಂದು ಉಪಾಯದ ಲೆಕ್ಕ: ಹೇಳಿದ ಹಾಗೆ ಮಾಡಿದರೆ ನಿಜವಾಗಿ ಪ್ರಯೋಜನ ಇದೆಯಾ, ನನ್ನ ಕೈಲಿ ಆಗುತ್ತಾ, ಅದಕ್ಕಾಗಿ ಏನೇನು ಬಿಟ್ಟುಕೊಡಬೇಕು? ಮನೆಯವರು ಮೊದಲ ಲೆಕ್ಕವನ್ನೇ ದಿನಾ ಒಪ್ಪಿಸುತ್ತಾರೆ. ಜನ ಏನು ಮಾಡುತ್ತಾರೆ ಅನ್ನುವುದು ಹೆಚ್ಚಾಗಿ ತೀರ್ಮಾನವಾಗುವುದು ಎರಡನೆಯದರಲ್ಲಿ.

ಇದಕ್ಕೂ ಹಿಂದಿನ ಒಂದು ಪ್ರಯೋಗ ನನಗೆ ಬಹಳ ಇಷ್ಟ. 1965ರಲ್ಲಿ ಮನಶ್ಶಾಸ್ತ್ರಜ್ಞ ಹೊವರ್ಡ್ ಲೆವೆಂಥಾಲ್ ಮತ್ತು ಸಂಗಡಿಗರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಬಗ್ಗೆ ಕಿರುಹೊತ್ತಿಗೆ ಕೊಟ್ಟರು. ಕೆಲವರಿಗೆ ಮೈ ನಡುಗಿಸುವಂಥದ್ದು, ಕೆಲವರಿಗೆ ಮೆತ್ತಗಿನದು. ಜಾಸ್ತಿ ಹೆದರಿದವರು ಚುಚ್ಚುಮದ್ದು ಬೇಕೇ ಬೇಕು ಅಂದರು. ಆದರೆ ನಿಜವಾಗಿ ಹೋಗಿ ಹಾಕಿಸಿಕೊಳ್ಳುವ ವಿಷಯದಲ್ಲಿ ಎಷ್ಟು ಹೆದರಿದರು ಅನ್ನುವುದು ಲೆಕ್ಕಕ್ಕೇ ಬರಲಿಲ್ಲ. ಕೆಲವರಿಗೆ ಮಾತ್ರ ಆರೋಗ್ಯ ಕೇಂದ್ರದ ನಕ್ಷೆ, ಅದು ತೆರೆದಿರುವ ಹೊತ್ತು ಕೊಟ್ಟು, ನಿಮಗೆ ಯಾವಾಗ ಬಿಡುವಾಗುತ್ತದೆ ನೋಡಿಕೊಳ್ಳಿ ಅಂದಿದ್ದರು. ಅವರಲ್ಲಿ ಸುಮಾರು ಶೇ 28 ಮಂದಿ ಹೋದರು. ನಕ್ಷೆ ಸಿಗದವರಲ್ಲಿ ಹೋದದ್ದು ಶೇ 3 ಮಾತ್ರ.

ಈಗ ಅಮ್ಮನ ಕಡೆಯಿಂದ ನೋಡಿ. ಕೀಮೋ ಆದ ಕೆಲವು ದಿನಕ್ಕೆ ಎಷ್ಟೋ ಜನರಿಗೆ ಬಾಯಿ ತುಂಬ ಹುಣ್ಣು. ಸಪ್ಪೆ ಸಾರು ಕೂಡ ಉರಿಯುತ್ತದೆ. ಆ ಬಾಯಿಗೆ ಮಾಸ್ಕ್ ಹಾಕಿದರೆ ಉಸಿರು ಒಳಗೇ ಬಿಸಿಯಾಗುತ್ತದೆ, ಒಡೆದ ತುಟಿಗೆ ಬಟ್ಟೆ ಅಂಟುತ್ತದೆ. ವಾಕರಿಕೆ ಬಂದರೆ ಥಟ್ಟನೆ ಕೆಳಗೆ ಎಳೆಯಬೇಕು. ಕೆಪೆಸಿಟಾಬಿನ್‌ನಂಥ ಮಾತ್ರೆ ತಗೊಳ್ಳುವವರಲ್ಲಿ ಅನೇಕರಿಗೆ ಅಂಗೈ ಅಂಗಾಲು ಕೆಂಪಾಗಿ ಸುಲಿಯುತ್ತದೆ. ಆ ಕೈಗೆ ಸ್ಯಾನಿಟೈಸರ್ ಬಿದ್ದರೆ ಹೇಗಿರಬೇಕು, ಯೋಚಿಸಿ. ‘ಕೈ ಸ್ಯಾನಿಟೈಸ್ ಮಾಡ್ಕೊಮ್ಮಾ’ ಅಂತ ಬಾಗಿಲಲ್ಲಿ ನಿಂತು ಹೇಳುವುದು ನಮಗೆ ಸಲೀಸು. ಮೆತ್ತಗಿನ ಸೋಪು, ಉಗುರುಬೆಚ್ಚಗಿನ ನೀರು ಸಾಕು ಅಂತ ಅವರಿಗೆ ಯಾರಾದರೂ ಹೇಳಿದ್ದರೋ ಇಲ್ಲವೋ.

ಸೀಮಂತದ ವಿಷಯ ಇನ್ನೂ ಸೂಕ್ಷ್ಮ. ಬಳೆ ತೊಡಿಸಿ ಆರತಿ ಎತ್ತಬೇಕಾದ ದೊಡ್ಡಮ್ಮ ಅವರು. ಹೋಗದೇ ಇದ್ದರೆ ನೆಂಟರೆಲ್ಲ ಯಾಕೆ ಅಂತ ಕೇಳುತ್ತಾರೆ. ಎಷ್ಟೋ ಮನೆಗಳಲ್ಲಿ ಕಾಯಿಲೆಯ ಸುದ್ದಿ ನಾಲ್ಕು ಗೋಡೆ ದಾಟಿರುವುದಿಲ್ಲ. ಹೋದಮೇಲೆ ಎಲ್ಲರೂ ಮಾಸ್ಕ್ ತೆಗೆದು ಫೋಟೋಗೆ ನಿಂತಾಗ ಅವರೊಬ್ಬರೇ ಮುಖ ಮುಚ್ಚಿಕೊಂಡು ನಿಲ್ಲಬೇಕಿತ್ತಾ? ಆವತ್ತೊಂದು ದಿನ ರೋಗಿಯಾಗಿರುವುದು ಬೇಡ ಅನ್ನಿಸಿದ್ದರೆ ಅದನ್ನು ಹಟ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

‘ನೀನು ಉಳಿಯಲ್ಲ’ ಅನ್ನುವ ಮಾತು ಪ್ರೀತಿಯಿಂದಲೇ ಬಂದದ್ದು, ಗೊತ್ತು. ಆದರೆ ಕ್ಯಾನ್ಸರ್ ಅಂತ ಕೇಳಿದ ದಿನವೇ ಆ ಮಾತನ್ನು ಅವರು ತಮಗೆ ತಾವೇ ಹೇಳಿಕೊಂಡಿರುತ್ತಾರೆ. ಮತ್ತೆ ಮತ್ತೆ ಕೇಳಿದರೆ ಅದು ಎಚ್ಚರಿಕೆ ಅನ್ನಿಸುವುದಿಲ್ಲ, ಹಣೆಬರಹ ಅನ್ನಿಸುತ್ತದೆ. ಸಂವಹನ ತಜ್ಞೆ ಕಿಮ್ ವಿಟ್ 1992ರಲ್ಲಿ ಇದನ್ನು ಚೆನ್ನಾಗಿ ವಿವರಿಸಿದರು: ಅಪಾಯ ದೊಡ್ಡದು, ದಾರಿ ಕಾಣುತ್ತಿಲ್ಲ ಅನ್ನಿಸಿದಾಗ ಜನ ಅಪಾಯವನ್ನು ಬಿಟ್ಟು ಭಯವನ್ನು ಅದುಮುವ ಕೆಲಸಕ್ಕೆ ಇಳಿಯುತ್ತಾರೆ. ಟಿವಿ ಆರಿಸುತ್ತಾರೆ. ಮಾತು ತೇಲಿಸುತ್ತಾರೆ. ಭಯ ಹುಟ್ಟಿಸುವ ಜಾಗದ ಕಡೆ ತಲೆ ಹಾಕುವುದಿಲ್ಲ. ನಿಮ್ಮ ಅಮ್ಮನಿಗೆ ಆ ಜಾಗ ಆಸ್ಪತ್ರೆ.

ಹೀಗೆ ದೂರ ಉಳಿದವರು ಅವರೊಬ್ಬರೇ ಅಲ್ಲ. ದೇಶದ 41 ಕ್ಯಾನ್ಸರ್ ಕೇಂದ್ರಗಳ ಲೆಕ್ಕ ನೋಡಿದರೆ, 2020ರ ಮಾರ್ಚ್‌ನಿಂದ ಮೇವರೆಗೆ ಹೊಸದಾಗಿ ಹೆಸರು ಬರೆಸಿದ ರೋಗಿಗಳು ಹಿಂದಿನ ವರ್ಷಕ್ಕಿಂತ ಶೇ 54 ಕಡಿಮೆ. ದೊಡ್ಡ ಶಸ್ತ್ರಚಿಕಿತ್ಸೆ ಶೇ 49, ಬಂದು ಹೋಗಿ ಪಡೆಯುವ ಕೀಮೋ ಶೇ 37 ಇಳಿದಿತ್ತು. ಎಲ್ಲವೂ ಭಯದಿಂದ ಅನ್ನಲಾಗದು. ಲಾಕ್‌ಡೌನಿನಲ್ಲಿ ಬಸ್ಸೇ ಇರಲಿಲ್ಲ, ಆಸ್ಪತ್ರೆಗಳೂ ದಿನ ಮುಂದೂಡಿದ್ದವು. ಆದರೆ ಕಾಯುತ್ತಾ ಕೂರುವುದು ಗಡ್ಡೆಗೆ ಗೊತ್ತಿಲ್ಲ ಅಲ್ವಾ?

ಇನ್ನೊಮ್ಮೆ ಅಂಥ ಕಾಲ ಬಂದರೆ ಮೊದಲು ಅವರ ಡಾಕ್ಟರನ್ನು ಒಂದು ಮಾತು ಕೇಳಿ: ಈ ಔಷಧಕ್ಕೆ, ಸೋಂಕನ್ನು ಎದುರಿಸುವ ಬಿಳಿ ರಕ್ತಕಣ ತೀರಾ ಇಳಿಯುವುದು ಯಾವ ದಿನಗಳಲ್ಲಿ? ಅನೇಕ ಕೀಮೋಗಳಲ್ಲಿ ಅದು ಔಷಧ ಕೊಟ್ಟ ಮೇಲೆ 7ರಿಂದ 14ನೇ ದಿನದ ಆಸುಪಾಸು. ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಗುರುತು ಹಾಕಿ. ‘ಎಲ್ಲಿಗೂ ಹೋಗಬೇಡ, ಯಾವಾಗಲೂ’ ಅನ್ನುವುದನ್ನು ಯಾರೂ ಪಾಲಿಸಲಾರರು. ‘ಈ ಒಂದು ವಾರ ತುಂಬಾ ಬಿಗಿ, ಆಮೇಲೆ ನೋಡಿಕೊಂಡು’ ಅಂದರೆ ಕೈಲಾಗುತ್ತದೆ. ಸೀಮಂತ ಬಿಗಿ ದಿನಗಳಲ್ಲಿ ಬಿದ್ದರೆ ವಿಡಿಯೊ ಕರೆ. ಇಲ್ಲದಿದ್ದರೆ ಡಾಕ್ಟರ್ ಒಪ್ಪಿದ ಮೇಲೆ ಜನ ಸೇರುವ ಮೊದಲೇ ಕರೆದುಕೊಂಡು ಹೋಗಿ, ಅಂಗಳದಲ್ಲೇ ಆರತಿ ಮುಗಿಸಿ, ಊಟಕ್ಕೆ ಕೂರದೆ ಬನ್ನಿ. ಜೊತೆಗೆ ಹೋದವರೆಲ್ಲ ಮಾಸ್ಕ್ ಹಾಕಿ, ಅವರೊಬ್ಬರಿಗೇ ಬಿಡಬೇಡಿ. ಲಸಿಕೆಯ ಮಾತನ್ನೂ ಡಾಕ್ಟರ ಬಾಯಿಂದಲೇ ಹೇಳಿಸಿ. ಮಕ್ಕಳ ಮಾತಿಗಿಂತ ಅದಕ್ಕೆ ತೂಕ ಜಾಸ್ತಿ.

ಆಸ್ಪತ್ರೆಯ ಭಯ ಸುಳ್ಳಲ್ಲ, ಹಾಗಾಗಿ ಸುಮ್ನೆ ತಳ್ಳಿಹಾಕಬೇಡಿ. ರಕ್ತ ಪರೀಕ್ಷೆ ಊರಲ್ಲೇ ಆಗುತ್ತದಾ, ಯಾವ ಹೊತ್ತಿಗೆ ಬಂದರೆ ಕಾಯುವುದು ಕಡಿಮೆ ಅಂತ ಮೊದಲೇ ಫೋನ್ ಮಾಡಿ. ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಕೀಮೋ ನಡೆಯುತ್ತಿರುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ನುಂಗಿ ಬೆಳಗಿನವರೆಗೆ ಕಾಯಬಾರದು. ಆಗಲೇ ಆಸ್ಪತ್ರೆಗೆ ಫೋನ್ ಮಾಡಿ ಹೊರಡಬೇಕು. ರಾತ್ರಿ ಯಾರ ಗಾಡಿ, ಯಾವ ನಂಬರ್, ಮೊದಲೇ ಬರೆದು ಗೋಡೆಗೆ ಅಂಟಿಸಿ.

ಅಮ್ಮನನ್ನೂ ಒಮ್ಮೆ ಕೇಳಿ, ಆ ದಿನಗಳಲ್ಲಿ ಅವರಿಗೆ ಎಲ್ಲಕ್ಕಿಂತ ಕಷ್ಟ ಅನ್ನಿಸಿದ್ದು ಏನು ಅಂತ. ಅವರು ಒಪ್ಪಿದರೆ, ಹೆಸರಿಲ್ಲದೆ ಬರೆದು ಕಳಿಸಿ. ಈಗ ಚಿಕಿತ್ಸೆಯಲ್ಲಿರುವ ಎಷ್ಟೋ ಮನೆಗಳಿಗೆ ಅದು ಬೇಕು. ಮುಂದಿನ ಸಂಚಿಕೆಯಲ್ಲಿ ಜಾಗ ಕಾದಿರಿಸುತ್ತೇನೆ.

– ಸಂ.